ಜಾತಿ-ಆದಾಯ ಮತ್ತ 371ಜೆ ಸರ್ಟಿಫಿಕೇಟ್ ಕೌಂಟರ್: ಕಲಬುರ್ಗಿ ಕಡಿ ಮಂದಿ ಸಲುವಾಗಿ ಒಂದು ರಿವ್ಯೂ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂತಂದ್ರ ನಮ್ಮ ಕಡಿ ಮನಿ ಮನ್ಯಾಗ ಒಂದೇ ಮಾತು ನೋಡ್ರಿ, ಸರ್ಟಿಫಿಕೇಟ್ ಆಯ್ತಾ ಇಲ್ಲಾ. ಮಾರ್ಕ್ಸ್ ಎಷ್ಟ್ ಬಂದಾವ ಅಂತ ಕೇಳೋದು ಆಮ್ಯಾಲ. ಜಾತಿ-ಆದಾಯದ್ದು ಒಂದು, 371ಜೆ (ನಮ್ಮ ಕಲ್ಯಾಣ ಕರ್ನಾಟಕ ಭಾಗದವ್ರಿಗಿ ಸೀಟು, ನೌಕರಿಯಾಗ ಮೀಸಲಾತಿ ಕೊಡೋ ಸಂವಿಧಾನದ ಕಲಂ) ದು ಒಂದು, ಇವೆರಡು ಕಾಗದ ಕೈಯಾಗ ಇಲ್ಲಂದ್ರ ಸಿಇಟಿ ಕೌನ್ಸೆಲಿಂಗ್‌ದಾಗ ನಮ್ಮ ಹುಡುಗಿ ನಮ್ಮ ಹಕ್ಕಿನ ಸೀಟಿಗಿ ಕೈ ಹಚ್ಚಂಗಿಲ್ಲ, ಸ್ಕಾಲರ್‌ಶಿಪ್ ಅರ್ಜಿನೂ ಮುಂದ ಹೋಗಂಗಿಲ್ಲ. ಈ ಸಲ ಅಕ್ಕನ ಮಗಳ ಸಲುವಾಗಿ ನಾನೇ ಓಡಾಡೀನಿ, ಅದಕ್ಕೂ ಮೊದ್ಲ ಊರಾಗಿನ ಓಣಿ ಮಂದಿಗಿ ಅರ್ಜಿ ಹಾಕಿಸಿಕೊಟ್ಟ ರೂಢಿನೂ ಅದ, ಅದಕ್ಕ ಹೋಟೆಲ್ ಬಗ್ಗೆ, ಮೊಬೈಲ್ ಬಗ್ಗೆ ರಿವ್ಯೂ ಬರೀತಾರಲ್ಲ ಹಂಗೇ ಈ ಸೇವಾದ ಬಗ್ಗೆನೂ ಬರೀಬೇಕು ಅನ್ನಿಸ್ತು. ಯಾವ ಹೋಬಳಿ, ಯಾವ ಕಚೇರಿ ಅಂತ ಬರಿಯಂಗಿಲ್ಲ. ಅಲ್ಲಿ ಕೆಲಸ ಮಾಡೋರು ಇಬ್ಬರೋ ಮೂವರೋ ಇರ್ತಾರ, ಬೈಗುಳ ಅವರ ತಲಿ ಮ್ಯಾಲ ಬೀಳೋದು ನನಗ ಬ್ಯಾಡ. ಕಲಬುರ್ಗಿ, ಯಾದಗಿರಿ, ಬೀದರ ಮೂರೂ ಕಡಿ ಗೆಳೆಯರನ್ನ ಕೇಳೀನಿ, ಕಥಿ ಹೆಚ್ಚು ಕಮ್ಮಿ ಒಂದೇ ಅದ.

ಮೊದ್ಲ ಚಲೋದು ಹೇಳ್ತೀನಿ, ಯಾಕಂದ್ರ ಚಲೋದು ಖರೇನೇ ಅದ. ಓಟಿಸಿ ಅಂತ ಒಂದು ವ್ಯವಸ್ಥಾ ಅದ, ಓವರ್ ದಿ ಕೌಂಟರ್ ಅಂತ. ವಿಎ (ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ ಅಂತಾರ) ಅವ್ರು ಮನಿ ಮನಿಗಿ ಹೋಗಿ ಯಾರ್ದು ಯಾವ ಜಾತಿ, ಆದಾಯ ಎಷ್ಟು ಅಂತ ಬರಕೊಂಡು ಬಂದು ಕಂಪ್ಯೂಟರ್‌ದಾಗ ಹಾಕಿಟ್ಟಿದ್ರ ನಾವು ಹೋಗಿ ಹೆಸರು ಹೇಳಿದ್ರ ಸಾಕು, ಅಲ್ಲೇ ಪ್ರಿಂಟ್ ತೆಗೆದು ಕೊಡ್ತಾರ. ನಮ್ಮ ಬಾಜೂಮನಿ ಕಾಕಾಗ ಹಂಗೇ ಸಿಕ್ಕದ, ಹೋದ, ನಿಂತ, ತಗೊಂಡು ಬಂದ. ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವ್ರು ಜಾತಿ ಸರ್ಟಿಫಿಕೇಟ್ ಒಮ್ಮೆ ತಗೊಂಡ್ರ ಜೀವನಪೂರ್ತಿ ನಡೀತದ, ಆದಾಯದ್ದು 5 ವರ್ಷ ನಡೀತದ. ಕಾಗದದ ಮ್ಯಾಲ ಆರ್‌ಡಿ ನಂಬರ್ ಇರ್ತದ, ಅದನ್ನ ಕೆಇಎ (ಸಿಇಟಿ ನಡೆಸೋ ಪರೀಕ್ಷಾ ಪ್ರಾಧಿಕಾರ) ಫಾರ್ಮ್‌ದಾಗ ಹಾಕಿದ್ರ ಅವರೇ ಆನ್‌ಲೈನ್‌ದಾಗ ನೋಡ್ಕೋತಾರ, ಮೊದ್ಲಿನಂಗ ಒರಿಜಿನಲ್ ಹಿಡ್ಕೊಂಡು ರಾತ್ರಿ ಬಸ್ಸಿನ್ಯಾಗ ಬೆಂಗಳೂರಿಗಿ ಓಡೋ ತ್ರಾಸ್ ಭಾಳ ಕಮ್ಮಿ ಆಗ್ಯಾದ. ಸರ್ಕಾರಿ ಫೀಸು ಒಂದು ಪ್ಲೇಟ್ ನಾಷ್ಟಾ, ಒಂದು ಚಹಾದಷ್ಟೂ ಇಲ್ಲ. ಅಟಲ್‌ಜಿ ಜನಸ್ನೇಹಿ ಕೇಂದ್ರ ಅಂತ 2012ರ ಕೊನಿಗಿ ಶುರು ಮಾಡಿದ್ರಲ್ಲ, ಅದನ್ನ ಒಂದು ಪಕ್ಷದವ್ರು ಚಾಲೂ ಮಾಡಿದ್ರು, ಮುಂದ ಬಂದ ಇನ್ನೊಂದು ಪಕ್ಷದವ್ರು ಕೆಡವದೇ ನಡೆಸಿಕೊಂಡು ಬಂದ್ರು, ಇದಕ್ಕ ಎಲ್ಲರಿಗೂ ಮಾರ್ಕ್ಸ್ ಕೊಡ್ಬೇಕು.

ತೊಂದ್ರಿ ಇರೋದು ಡೇಟಾ ಮೊದಲೇ ಕುಂತಿಲ್ಲ ಅಂದ್ರ. ಆವಾಗ ಅರ್ಜಿ ವಿಎ ಕಡಿ ಹೋಗ್ತದ, ಅವ್ರು ಪಂಚನಾಮೆ ಮಾಡ್ಬೇಕು, ಅಲ್ಲಿಂದ ಆರ್‌ಐ (ಕಂದಾಯ ನಿರೀಕ್ಷಕರು), ಅಲ್ಲಿಂದ ಉಪ ತಹಶೀಲ್ದಾರ್ರು ಇಲ್ಲಾ ತಹಶೀಲ್ದಾರ್ರು. ಎಸ್‌ಸಿ ಎಸ್‌ಟಿಗಿ ನಮೂನೆ ಡಿ, ಪ್ರವರ್ಗ-1ಕ್ಕ ನಮೂನೆ ಇ, 2ಎ 2ಬಿ 3ಎ 3ಬಿಗಿ ನಮೂನೆ ಎಫ್. ಸಕಾಲ ಕಾಯ್ದೆ ಪ್ರಕಾರ 21 ದಿನದಾಗ ಕೊಡ್ಬೇಕು, ತಡ ಆದ್ರ ದಿನಕ್ಕ 20 ರೂಪಾಯಿ ಹಂಗ ಹೆಚ್ಚಂದ್ರ 500 ರೂಪಾಯಿ ಪರಿಹಾರ ಕೇಳೋ ಹಕ್ಕು ನಮಗ ಅದ. ನಾ ಕೇಳಿದ ಮಂದ್ಯಾಗ ಆ 20 ರೂಪಾಯಿ ಇಸಗೊಂಡವ್ರು ಒಬ್ಬರೂ ಸಿಗ್ಲಿಲ್ಲ. ಹಕ್ಕು ಅದ ಅನ್ನೋದೇ ಭಾಳ ಮಂದಿಗಿ ಗೊತ್ತಿಲ್ಲ, ಗೊತ್ತಿದ್ದವ್ರೂ ನಾಳಿ ಮತ್ತ ಅದೇ ಟೇಬಲ್ ಮುಂದ ನಿಲ್ಬೇಕಲ್ಲ ಅಂತ ಸುಮ್ಮ ಇರ್ತಾರ.

ಈಗ 371ಜೆ. ಇದರ ಬಗ್ಗೆ ಜರಾ ಜಾಸ್ತಿ ಹೇಳ್ತೀನಿ, ಹೊಸ ಹುಡುಗ್ರಿಗಿ ಇದು ಹೆಂಗ ಬಂತು ಗೊತ್ತಿಲ್ಲ. ನಾವು 1948ರ ಸೆಪ್ಟೆಂಬರ್ 17ರ ತನ ನಿಜಾಮರ ರಾಜ್ಯದಾಗ ಇದ್ದವ್ರು, 1956ರಾಗ ಕರ್ನಾಟಕಕ್ಕ ಕೂಡಿದವ್ರು. ನಮ್ಮ ಜೋಡಿನೇ ಇದ್ದ ತೆಲಂಗಾಣ ಮಂದಿಗಿ 1973ರ 32ನೇ ತಿದ್ದುಪಡಿಯಾಗ 371ಡಿ ಸಿಕ್ತು, ನಮಗ ಮಾತ್ರ ವರ್ಷಗಟ್ಟಲೆ ಹೋರಾಟ ಮಾಡೋ ಪಾಳಿ. 2002ರ ನಂಜುಂಡಪ್ಪ ಸಮಿತಿ ವರದಿಯಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕಿನ್ಯಾಗ 21 ನಮ್ಮ ಗುಲ್ಬರ್ಗಾ ವಿಭಾಗದ್ದೇ ಅಂತ ಅಂಕಿ ಸಮೇತ ಬಂತು. ವೈಜನಾಥ ಪಾಟೀಲರು ಬೀದಿಗಿಳಿದು ಹೋರಾಡಿದ್ರು, ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ದಿಲ್ಲಿಯಾಗ ಜೋರು ಹಾಕಿದ್ರು, 2012ರ ಡಿಸೆಂಬರ್‌ದಾಗ 98ನೇ ತಿದ್ದುಪಡಿ ಪಾರ್ಲಿಮೆಂಟ್‌ದಾಗ ಪಾಸ್ ಆಯ್ತು, 2013ರ ನವೆಂಬರ್‌ದಾಗ ನೌಕರಿ ಮೀಸಲಾತಿ ಆದೇಶ ಹೊಂಟ್ತು. ನಮ್ಮ ಭಾಗದ ಪೋಸ್ಟಿನ್ಯಾಗ ಗ್ರೂಪ್ ಎ, ಬಿಗಿ 75, ಸಿಗಿ 80, ಡಿಗಿ 85 ಪರ್ಸೆಂಟ್. ಕಾಲೇಜ್ ಸೀಟು ನಮ್ಮ ಭಾಗದಾಗ 70 ಪರ್ಸೆಂಟ್, ಉಳಿದ ಕರ್ನಾಟಕದಾಗ 8. ಇದು ಯಾರೋ ದಾನ ಕೊಟ್ಟಿದ್ದಲ್ಲ, ಸಂವಿಧಾನದಾಗ ಬರೆದಿದ್ದು. ನಮ್ಮ ಅಕ್ಕನ ಮಗಳಂಥ ಹುಡುಗ್ಯಾರು ಇವತ್ತ ಮೆಡಿಕಲ್, ಇಂಜಿನಿಯರಿಂಗ್ ಕ್ಲಾಸಿನ್ಯಾಗ ಕುಂತಾರಂದ್ರ ಇದರ ಪಾಲು ಭಾಳ ದೊಡ್ಡದು.

ಇಷ್ಟು ದೊಡ್ಡ ಹಕ್ಕಿನ ಬಾಗಿಲು ಎಲ್ಲಿ ಅದ ಗೊತ್ತೇನು, ಸಹಾಯಕ ಆಯುಕ್ತರ ಒಂದು ಸಹಿಯಾಗ ಅದ. ಅರ್ಜಿ ಹೋಬಳಿಯಾಗ ಹಾಕ್ಬೇಕು, ವರದಿ ಅಲ್ಲಿಂದ ಮ್ಯಾಲ ಹೋಗ್ಬೇಕು, ಸಹಿ ಎಸಿ ಆಫೀಸಿನ್ಯಾಗ ಆಗ್ಬೇಕು. ಹುಡುಗಿ ಸಾಲಿ ಕಲ್ತಿದ್ದು ಇಲ್ಲೇ ಅಂತ ಪ್ರತಿ ಸಾಲಿ ಹೆಡ್‌ಮಾಸ್ಟರ್ ಕಡಿಂದ ವ್ಯಾಸಂಗ ಪ್ರಮಾಣ ಪತ್ರ, ಅವರಪ್ಪ ಇಲ್ಲೇ ಹುಟ್ಟ್ಯಾನ ಇಲ್ಲೇ ಬಾಳ್ವಿ ಮಾಡ್ಯಾನ ಅಂತ ಕಾಗದ, ರೇಷನ್ ಕಾರ್ಡ್, ಆಧಾರ್. ಊರಾಗೇ ಹುಟ್ಟಿ ಊರಾಗೇ ಕಲ್ತವ್ರಿಗಿ ಇದು ಜಡ ಅಲ್ಲ. ತೊಗರಿ ರಾಶಿ ಮುಗದ್ ಕೂಡ್ಲೆ ಗಂಟು ಮೂಟಿ ಕಟ್ಟಿ ಪುಣೆ, ಮುಂಬೈ, ಬೆಂಗಳೂರಿಗಿ ದುಡಿಲಾಕ ಹೋಗೋ ಮಂದಿ ಮಕ್ಕಳ ಕಥಿ ಬ್ಯಾರೆ. ಒಂದನೇತ್ತ ಇಲ್ಲಿ, ಮೂರನೇತ್ತ ಪುಣೆದಾಗ, ಮತ್ತ ಆರನೇತ್ತ ಹಾಸ್ಟೆಲ್ಲಿನ್ಯಾಗ ಇಲ್ಲಿ. ನಡುವಿನ ಎರಡು ವರ್ಷ ಎಲ್ಲಿದ್ದಿ ಅಂತ ಕೇಳ್ತಾರ. ಯಾರ ಸಲುವಾಗಿ ಈ ಕಾನೂನು ಬಂತೋ ಆ ಬಡವ್ರೇ ಈ ಪ್ರಶ್ನೆ ಮುಂದ ಬಾಯಿ ಮುಚ್ಚಿ ನಿಲ್ತಾರ, ಸಿಟಿಯಾಗ ಪಕ್ಕಾ ಮನಿ, ಪಕ್ಕಾ ಕಾಗದ ಇದ್ದವ್ರದ್ದು ಫಟ್ ಅಂತ ಆಗ್ತದ. ನನಗ ಇದೇ ಹೊಟ್ಟಿ ಉರಿಯೋದು.

ಕೌಂಟರ್ ಹತ್ರ ನೋಡಿದ್ದು ಒಂದು ಹೇಳ್ತೀನಿ. ನನ್ನ ಮುಂದ ತಾಂಡಾದ ಒಬ್ಬ ಅವ್ವ ನಿಂತಿದ್ಳು, ಪ್ಲಾಸ್ಟಿಕ್ ಚೀಲದಾಗ ಎಲ್ಲಾ ಕಾಗದ, ಮ್ಯಾಲ ರಬ್ಬರ್ ಹಾಕಿ. ಮಗನ ಟಿಸಿಯಾಗ ಅಡ್ಡಹೆಸರು ರಾಠೋಡ, ಆಧಾರ್‌ದಾಗ ರಾಥೋಡ. ಅಪ್ಪನ ಹೆಸರು ಟಿಸಿಯಾಗ ಶಂಕರ, ರೇಷನ್ ಕಾರ್ಡಿನ್ಯಾಗ ಶಂಕ್ರು. ಆಪರೇಟರ್ ಹುಡುಗ ಕೆಟ್ಟವ ಅಲ್ಲ, "ಯವ್ವಾ, ಕಂಪ್ಯೂಟರ್ ತಗೋವಲ್ದು, ನಾ ಏನ್ ಮಾಡ್ಲಿ, ಆಧಾರ್ ಸೆಂಟರಿಗಿ ಹೋಗಿ ತಿದ್ದಿಸ್ಕೊಂಡು ಬಾ" ಅಂದ. ಆಕಿ "ಅಲ್ಲಿಗಿ ಹೋದ್ರ ಟಿಸಿ ತಿದ್ದಿಸ್ಕೊಂಡು ಬಾ ಅಂತಾರಪಾ, ಸಾಲಿಗಿ ಹೋದ್ರ ಆಧಾರ್ ನೋಡಿ ಬರೀತೀವಿ ಅಂತಾರ" ಅಂದ್ಳು. ಖರೇ ಮಾತು. ಒಂದಕ್ಷರದ ಸಲುವಾಗಿ ಮೂರು ಕಚೇರಿ, ಮೂರೂ ಕಡಿ ಒಂದೊಂದು ದಿನದ ಕೂಲಿ ಹೋಯ್ತು. ಆ ಹುಡುಗನ ಜಾತಿ ಬಗ್ಗೆ ಯಾರಿಗೂ ಸಂಶಯ ಇಲ್ಲ, ತಾಂಡಾದಾಗ ಹುಟ್ಟಿದವ, ಮನ್ಯಾಗ ಆಡೋ ಮಾತೂ ಲಂಬಾಣಿ, ಊರೇ ಸಾಕ್ಷಿ ಹೇಳ್ತದ, ಆದ್ರೂ ಕಾಗದ ಸಿಗವಲ್ದು. ಬಾಗಿಲ ಹೊರಗ ಝೆರಾಕ್ಸ್ ಅಂಗಡಿ ಹತ್ರ ಏಜೆಂಟ್ ಒಬ್ಬವ ನಿಂತಿದ್ದ, "ಅಕ್ಕಾರ, ನನ್ನ ಕೈಯಾಗ ಕೊಡ್ರಿ, ನಾ ನೋಡ್ತೀನಿ" ಅಂತ ಕರೀಲಾಕತ್ತಿದ್ದ, ಅವ ಕೇಳಿದ ರೊಕ್ಕ ಸರ್ಕಾರಿ ಫೀಸಿನ ಎಷ್ಟೋ ಪಟ್ಟು. ಕೌಂಟರ್ ಕೆಲಸ ಮಾಡ್ಲಿಲ್ಲಂದ್ರ ಅದರ ಬಾಜೂಕೇ ಇನ್ನೊಂದು ಕೌಂಟರ್ ಹುಟ್ಟೇ ಹುಟ್ತದ.

ಇನ್ನ ಜಾತಿ ಹೆಸರಿನ ಜಗಳ. ಬೆಂಗಳೂರಾಗ ಆಗೋ ರಾಜಕೀಯ ಎಲ್ಲಾ ಸೋಸಿಕೊಂಡು ಕೊನಿಗಿ ಈ ಟೇಬಲ್ ಮ್ಯಾಲೇ ಬಂದು ಬೀಳ್ತದ. ನಮ್ಮದು ಕಬ್ಬಲಿಗ ಮನಿ, ರಾಜ್ಯದ ಲಿಸ್ಟಿನ್ಯಾಗ ಪ್ರವರ್ಗ-1. ನಮ್ಮನ್ನ ಎಸ್‌ಟಿಗಿ ಸೇರಿಸ್ರಿ ಅಂತ ಕೋಲಿ-ಕಬ್ಬಲಿಗ ಸಮಾಜ ಎಷ್ಟೋ ವರ್ಷದಿಂದ ಕೇಳ್ಲಾಕತ್ತದ, ಪ್ರತಿ ಎಲೆಕ್ಷನ್‌ದಾಗ ಸ್ಟೇಜ್ ಮ್ಯಾಲ ನಿಂತು ಎಲ್ಲಾ ಪಕ್ಷದವ್ರೂ ಮಾಡ್ತೀವಿ ಅಂತಾರ. 2020ರಾಗ ಪಾರ್ಲಿಮೆಂಟ್‌ದಾಗ ತಳವಾರ, ಪರಿವಾರ ಎರಡೂ ಹೆಸರನ್ನ ನಾಯಕರ ಪರ್ಯಾಯ ಹೆಸರು ಅಂತ ಎಸ್‌ಟಿ ಪಟ್ಟಿಗಿ ಸೇರಿಸಿದ್ರು. ನಮ್ಮ ಕಡಿ ತಳವಾರ ಅನ್ನೋದು ನಾಯಕರೊಳಗೂ ಅದ, ಕಬ್ಬಲಿಗರೊಳಗೂ ಅದ. ಈಗ ಯಾವ ತಳವಾರಗ ಕೊಡ್ಬೇಕು ಯಾವ ತಳವಾರಗ ಕೊಡಬಾರದು ಅಂತ ವಿಎ ಒಬ್ಬವನೇ ಕುಂತು ನಿರ್ಣಯ ಮಾಡೋ ಪರಿಸ್ಥಿತಿ. ಕೊಟ್ರ ಒಂದು ಸಮಾಜದವ್ರು ಧರಣಿ, ಕೊಡ್ಲಿಲ್ಲಂದ್ರ ಇನ್ನೊಂದು ಸಮಾಜದವ್ರು ಧರಣಿ. ತಪ್ಪು ಕೊಟ್ರ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದವ್ರು ಎನ್‌ಕ್ವಯರಿ ಮಾಡ್ತಾರ, ಅದಕ್ಕ ಅವ ಏನ್ ಮಾಡ್ತಾನ, ಫೈಲ್ ಮ್ಯಾಲ ಕಳಿಸ್ತಾನ, ಮ್ಯಾಲಿನವ್ರು ಸ್ಪಷ್ಟೀಕರಣ ಕೇಳಿ ಕೆಳಗ ಕಳಿಸ್ತಾರ.

ಬೀದರ ಕಡಿ, ಯಾದಗಿರಿ ಕಡಿ, ಕಲಬುರ್ಗಿ ಕಡಿ ಕುರುಬರದ್ದು ಗೊಂಡ ಪ್ರಶ್ನೆ ಅದ. ಗೊಂಡ ಎಸ್‌ಟಿ, ಕುರುಬ 2ಎ, ಇಲ್ಲಿ ಎರಡೂ ಒಂದೇ ಅಂತ ಅವರ ವಾದ. ಬೇಡ ಜಂಗಮ ಸರ್ಟಿಫಿಕೇಟ್ ತಕರಾರು ಅದ, ವೀರಶೈವ ಜಂಗಮರು ಎಸ್‌ಸಿ ಕೇಳೋದು, ದಲಿತ ಸಂಘಟನೆಯವ್ರು ವಿರೋಧ ಮಾಡೋದು. ಇದರಾಗ ಯಾರು ಸರಿ ಯಾರು ತಪ್ಪು ಅಂತ ನಾ ಇಲ್ಲಿ ತೀರ್ಪು ಕೊಡಂಗಿಲ್ಲ, ಅದು ಕುಲಶಾಸ್ತ್ರ ಅಧ್ಯಯನ, ಕೋರ್ಟು, ಪಾರ್ಲಿಮೆಂಟ್ ಮಾಡೋ ಕೆಲಸ. ಆದ್ರ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಖರೇ ದಲಿತ ಮನಿ ಹುಡುಗ, ಖರೇ ಆದಿವಾಸಿ ಮನಿ ಹುಡುಗಿ ಕಾಗದ ಕೇಳಿದಾಗ ಈ ಜಗಳದ ಸಲುವಾಗಿ ಅವರನ್ನೂ ಸಂಶಯದ ಕಣ್ಣಿಂದ ನೋಡೋದು ಅನ್ಯಾಯ.

ಮೊನ್ನಿ ಮೊನ್ನಿ ಒಳಮೀಸಲಾತಿದೂ ಬಂತು. 2024ರ ಆಗಸ್ಟ್ 1ಕ್ಕ ಸುಪ್ರೀಂ ಕೋರ್ಟ್ ಒಳವರ್ಗೀಕರಣ ಮಾಡಬಹುದು ಅಂತ ಹೇಳ್ತು, ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್‌ದಾಗ ವರದಿ ಕೊಡ್ತು, ಅದೇ ತಿಂಗಳು ಸಂಪುಟದಾಗ ಎಸ್‌ಸಿ 17 ಪರ್ಸೆಂಟ್‌ನ್ನ 6, 6, 5 ಅಂತ ಹಂಚಿದ್ರು. ಎಡಗೈಯವ್ರಿಗಿ (ಮಾದಿಗ ಮತ್ತ ಸಂಬಂಧಿ ಜಾತಿ) 6, ಬಲಗೈಯವ್ರಿಗಿ (ಹೊಲೆಯ ಮತ್ತ ಸಂಬಂಧಿ ಜಾತಿ) 6, ಲಂಬಾಣಿ ಭೋವಿ ಕೊರಚ ಕೊರಮ ಮತ್ತ ಅಲೆಮಾರಿಗಳಿಗೆಲ್ಲಾ ಕೂಡಿ 5. ಆಯೋಗ ಅಲೆಮಾರಿಗಳಿಗಿ ಬ್ಯಾರೇನೇ 1 ಪರ್ಸೆಂಟ್ ಅಂತ ಹೇಳಿತ್ತು, ಅದು ಹೋಯ್ತು. ಮೂರು ದಶಕ ತಮಟೆ ಬಾರಿಸಿಕೊಂತ ಬೀದಿಯಾಗ ನಿಂತ ಮಾದಿಗ ಸಮಾಜಕ್ಕ ಇದು ದೊಡ್ಡ ದಿನ, ನನಗೂ ಸಂತೋಷ ಅದ. ಅಲೆಮಾರಿಗಳಿಗಿ ಮಾತ್ರ ಮೋಸ ಆಗ್ಯಾದ ಅಂತ ನನ್ನ ಅನಿಸಿಕಿ. ಅವರ ಓಟು ಒಂದು ಕ್ಷೇತ್ರದಾಗೂ ಗುಂಪಾಗಿ ಇಲ್ಲ, ಎಂಎಲ್‌ಎ ಇಲ್ಲ, ಮಠ ಇಲ್ಲ, ಸ್ಟೇಜ್ ಇಲ್ಲ, ಹಿಂಗಾಗಿ ಹಂಚೋ ಹೊತ್ತಿನ್ಯಾಗ ಅವರ ಪಾಲು ಬೇರೆಯವ್ರ ಜೋಡಿ ಸೇರಿಹೋಯ್ತು. ಅವರೊಳಗ ಎಷ್ಟೋ ಮಂದಿಗಿ ಇನ್ನೂ ಜಾತಿ ಸರ್ಟಿಫಿಕೇಟೇ ಸಿಕ್ಕಿಲ್ಲ, ಊರೇ ಇಲ್ಲದವ್ರ ಪಂಚನಾಮೆ ಯಾವ ವಿಎ ಮಾಡ್ಬೇಕು ಹೇಳ್ರಿ.

ಈಗ ಗ್ಯಾರಂಟಿ ವಿಷಯಕ್ಕ ಬರ್ತೀನಿ. ಬಿಟ್ಟಿ ಭಾಗ್ಯ ಅಂತ ಬೈಯೋರ ಜೋಡಿ ನಾ ಇಲ್ಲ, ಮೊದಲೇ ಹೇಳ್ತೀನಿ. 2023ರ ಜೂನ್ 11ಕ್ಕ ಶಕ್ತಿ ಶುರು ಆದ ಮ್ಯಾಲ ನಮ್ಮ ಅಕ್ಕ ಆಧಾರ್ ತೋರಿಸಿ ಝೀರೋ ಟಿಕೆಟ್ ತಗೊಂಡು ಕಲಬುರ್ಗಿಗಿ ಬರ್ತಾಳ, ದವಾಖಾನಿಗಿ ಹೋಗ್ಲಾಕ ಗಂಡನ ಕೈ ನೋಡಂಗಿಲ್ಲ. ಗೃಹಜ್ಯೋತಿ ನಮ್ಮ ಕಲಬುರ್ಗಿ ಎನ್‌ವಿ ಮೈದಾನದಾಗೇ 2023ರ ಆಗಸ್ಟ್ 5ಕ್ಕ ಚಾಲೂ ಮಾಡಿದ್ರು. ಗೃಹಲಕ್ಷ್ಮಿ 2000 ತಡ ಆದ್ರೂ ಆಕಿ ಖಾತೆಗೇ ಬರ್ತದ. ಬಸ್ಸಿನ್ಯಾಗ ಹತ್ತಿದ್ರ ಕಂಡಕ್ಟರ್ ನಿನ್ನ ಜಾತಿ ಯಾವ್ದು ಅಂತ ಕೇಳಂಗಿಲ್ಲ, ಪಂಚನಾಮೆ ಬೇಡಂಗಿಲ್ಲ, ನಾಳಿ ಬಾ ಅನ್ನಂಗಿಲ್ಲ. ಜಾಲಿ ಕಂಟಿ ಊರಿನ ಹೆಣ್ಮಗಳಿಗಿ ಸರ್ಕಾರ ಅಂದ್ರ ಮರ್ಯಾದಿಯಿಂದ ಸಿಗ್ತದ ಅನ್ನೋ ಅನುಭವ ಮೊದಲನೇ ಸಲ ಅಲ್ಲೇ ಆಗ್ಯಾದ. ಅದಕ್ಕ ಬೆಲಿ ಕಟ್ಲಾಕ ಆಗಂಗಿಲ್ಲ.

ಅದೇ ಹೆಣ್ಮಗಳು ಬಸ್ ಇಳಿದು ಕಚೇರಿ ಬಾಗಿಲಿಗಿ ಬಂದ್ರ ಮಾತ್ರ ಎಲ್ಲಾ ಉಲ್ಟಾ. ಬಸ್ ಪುಕ್ಕಟ ಅದ, ಕೌಂಟರ್‌ದಾಗ ಕುರ್ಚಿ ಖಾಲಿ ಅದ. ಐದು ಗ್ಯಾರಂಟಿಗಿ 2024-25ರಾಗ ಸುಮಾರು 52 ಸಾವಿರ ಕೋಟಿ ತೆಗೆದಿಟ್ಟಿದ್ರು, ರಾಜ್ಯದಾಗ ಎರಡೂವರಿ ಲಕ್ಷಕ್ಕೂ ಮ್ಯಾಲ ಸರ್ಕಾರಿ ಹುದ್ದೆ ಖಾಲಿ ಬಿದ್ದಾವ. 2024ರಾಗ ಗ್ರಾಮ ಆಡಳಿತ ಅಧಿಕಾರಿ 1000 ಪೋಸ್ಟಿಗಿ ಕೆಇಎ ಪರೀಕ್ಷಾ ಮಾಡ್ತು, ಚಲೋ ಆಯ್ತು, ಆದ್ರ ಅದು ಸಾಲಂಗಿಲ್ಲ. ಇದ್ದ ವಿಎಗಳೇ 2024ರ ಸೆಪ್ಟೆಂಬರ್‌ದಾಗ, ಮತ್ತ 2025ರ ಫೆಬ್ರವರಿಯಾಗ ಮುಷ್ಕರಕ್ಕ ಕುಂತ್ರು, ಕೂಡ್ಲಾಕ ಕೋಣಿ ಇಲ್ಲ, ಲ್ಯಾಪ್‌ಟಾಪ್ ಇಲ್ಲ, ಸ್ವಂತ ಮೊಬೈಲ್‌ದಾಗ ಆ್ಯಪ್ ಮ್ಯಾಲ ಆ್ಯಪ್ ಹಾಕ್ಸಿ ಕೆಲಸ ತಗೋಲಾಕತ್ತಾರ ಅಂತ. ಅವರು ಕುಂತಷ್ಟು ದಿನ ನಮ್ಮ ಮಂದಿ ಸರ್ಟಿಫಿಕೇಟ್ ನಿಂತು ಹೋಗಿದ್ವು. ಮಂದಿ ಅವರಿಗೇ ಬೈದ್ರು, ನಾ ಬೈಯಂಗಿಲ್ಲ. ಬೆಳೆ ಸಮೀಕ್ಷೆ ಅವನೇ, ಮಳಿ ಹಾನಿ ಅವನೇ, ಪಿಂಚಣಿ ಅವನೇ, ಜಾತಿ ಅವನೇ, ಎಲೆಕ್ಷನ್ ಬಂದ್ರ ಅವನೇ, ಒಬ್ಬ ಮನಷ್ಯಾನ ಮ್ಯಾಲ ಎಷ್ಟಂತ ಹಾಕ್ತೀರಿ.

ಎಲೆಕ್ಷನ್ ಹತ್ರ ಬಂದ್ರ ನಿಗಮ ಮಾಡ್ಲಾಕ ಮಾತ್ರ ಹೊತ್ತು ಹಿಡಿಯಂಗಿಲ್ಲ. ಬಸವಕಲ್ಯಾಣ ಉಪಚುನಾವಣೆ 2021ರ ಏಪ್ರಿಲ್‌ದಾಗ ಆಯ್ತು, ಅದಕ್ಕ ಮುಂಚೇನೇ 2020ರ ನವೆಂಬರ್‌ದಾಗ ಮರಾಠಾ ಅಭಿವೃದ್ಧಿ ಸಂಸ್ಥೆಗಿ 50 ಕೋಟಿ ಅಂತ ಘೋಷಣಾ ಆಯ್ತು, ಅದರ ಬೆನ್ನಿಗೇ ವೀರಶೈವ-ಲಿಂಗಾಯತ ನಿಗಮ. ಆ ಸಮಾಜದಾಗ ಬಡವ್ರು ಇಲ್ಲಂತ ನಾ ಅನ್ನಂಗಿಲ್ಲ, ಬೀದರ ಕಡಿ ಮರಾಠಾ ಕೂಲಿ ಮಂದಿನ್ನ ಕಣ್ಣಾರೆ ನೋಡೀನಿ. ಆದ್ರ ನಿಗಮದಿಂದ ಬೋರ್‌ವೆಲ್ ಬೇಕಂದ್ರ, ಟ್ಯಾಕ್ಸಿ ಸಾಲ ಬೇಕಂದ್ರ ಮೊದಲನೇ ಕಾಗದ ಯಾವ್ದು, ಜಾತಿ-ಆದಾಯ ಸರ್ಟಿಫಿಕೇಟ್. ಜಾತಿಗೊಂದು ನಿಗಮ, ಅಧ್ಯಕ್ಷಗ ಕಾರು, ಬೋರ್ಡು, ಎಲ್ಲಾ ಆಗ್ತದ, ಆ ಎಲ್ಲಾ ಜಾತಿ ಮಂದಿ ಪಾಳಿ ಹಚ್ಚೋ ಹೋಬಳಿ ಕಚೇರಿಗಿ ಇನ್ನೊಬ್ಬ ಆಪರೇಟರ್ ಬರಂಗಿಲ್ಲ.

ಎಸ್‌ಸಿಎಸ್‌ಪಿ-ಟಿಎಸ್‌ಪಿ (ಎಸ್‌ಸಿ ಎಸ್‌ಟಿ ಉಪಯೋಜನೆ) ರೊಕ್ಕದ ಮಾತೂ ಬಿಡಂಗಿಲ್ಲ ನಾ. 2013ರಾಗ ಕಾಯ್ದೆ ಮಾಡಿದ್ದು ಇದೇ ಸಿದ್ದರಾಮಯ್ಯನವ್ರ ಸರ್ಕಾರ, ದೇಶದಾಗೇ ಹೆಸರು ಮಾಡಿದ ಕಾಯ್ದೆ, ಎಸ್‌ಸಿ ಎಸ್‌ಟಿ ಮಂದಿ ಪಾಲಿನ ರೊಕ್ಕ ಅವರಿಗೇ ಖರ್ಚಾಗ್ಬೇಕು ಅಂತ. 2023-24ರಾಗ ಅದರಾಗಿಂದ 11 ಸಾವಿರ ಕೋಟಿಗೂ ಮ್ಯಾಲ ಗ್ಯಾರಂಟಿಗಿ ಹಾಕಿದ್ರು. ಗ್ಯಾರಂಟಿ ಫಲಾನುಭವಿಗಳಾಗ ಎಸ್‌ಸಿ ಎಸ್‌ಟಿ ಹೆಣ್ಮಕ್ಕಳೂ ಇದ್ದಾರಲ್ಲ ಅಂತ ಸರ್ಕಾರದ ಉತ್ತರ. ಇದ್ದಾರ ಖರೇ. ಆದ್ರ ಎಲ್ಲರಿಗೂ ಕೊಡೋದು ಎಲ್ಲರ ರೊಕ್ಕದಿಂದ ಕೊಡ್ಬೇಕು, ಹಾಸ್ಟೆಲ್ ಕಟ್ಟೋ ರೊಕ್ಕ, ಗಂಗಾ ಕಲ್ಯಾಣದ ರೊಕ್ಕ ಅದಕ್ಕ ತೆಗೆದ್ರ ಒಂದು ಕೈಯಾಗ ಕೊಟ್ಟು ಇನ್ನೊಂದು ಕೈಯಾಗ ಇಸಗೊಂಡಂಗ ಆಯ್ತು. ನಮ್ಮ ಭಾಗದ ಹುಡುಗ್ಯಾರ ಹಾಸ್ಟೆಲ್ ಒಂದ್ಸಲ ಒಳಗ ಹೋಗಿ ನೋಡಿದವ್ರಿಗಿ ಈ ರೊಕ್ಕ ಎಲ್ಲಿ ಬೇಕಾಗಿತ್ತು ಗೊತ್ತಾಗ್ತದ. ಕೆಕೆಆರ್‌ಡಿಬಿಗಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ವರ್ಷಕ್ಕ 5000 ಕೋಟಿ ಅಂತಾರ, ಸಂತೋಷ, ರಸ್ತೆ ಸಾಲಿ ಕೋಣಿ ಆಗ್ಲಾಕತ್ತಾವ, ಆದ್ರ ಕಟ್ಟಡದ ಒಳಗ ಕುಂದ್ರೋ ಮನಷ್ಯಾರು ಯಾವ ಬೋರ್ಡಿನ ರೊಕ್ಕದಾಗೂ ಬರ್ಲಿಕ್ಕ ಒಲ್ರು.

ಸರ್ವೇದ ಬಗ್ಗೆ ಒಂದೆರಡು ಮಾತು. 2015ರ ಜಾತಿ ಗಣತಿ ವರದಿ 2024ರ ಫೆಬ್ರವರಿ ಕೊನಿಗಿ ಸರ್ಕಾರದ ಕೈ ಸೇರ್ತು, ಹತ್ತು ವರ್ಷದ ಹಳಿ ಲೆಕ್ಕ ಅಂತ ದೊಡ್ಡ ಸಮಾಜದವ್ರು ಒಪ್ಪಲಿಲ್ಲ, 2025ರ ಸೆಪ್ಟೆಂಬರ್ 22ರಿಂದ ಮತ್ತ ಹೊಸದಾಗಿ ಮಾಡಿದ್ರು. ಮಾಸ್ತರ್ರು ಮನಿ ಮನಿ ತಿರುಗಿ 60 ಪ್ರಶ್ನಿ ಕೇಳಿದ್ರು, ಕರೆಂಟ್ ಮೀಟರ್ ನೋಡಿ ಬಾಗಿಲಿಗಿ ಸ್ಟಿಕರ್ ಹಚ್ಚಿದ್ರು, ಸಾಲಿ ರಜಾ ಅಕ್ಟೋಬರ್ 18ರ ತನ ಎಳೆದ್ರು. ಯಾವ ಸಮಾಜ ಎಷ್ಟು ಅದ, ಯಾರ ಹತ್ರ ಏನದ ಅಂತ ಗೊತ್ತಾಗ್ಲೇಬೇಕು, ಹಾವನೂರು ಆಯೋಗ ಸಮೀಕ್ಷಾ ಮಾಡಿ 1975ರಾಗ ವರದಿ ಕೊಟ್ಟಿದ್ದಕ್ಕೇ ದೇವರಾಜ ಅರಸರು ಹಿಂದುಳಿದವ್ರಿಗಿ ಏನಾದ್ರೂ ಮಾಡ್ಲಾಕ ಆಯ್ತು. ನನ್ನ ಬೇಡಿಕಿ ಏನಂದ್ರ, ಸರ್ವೇಗಿ ಹಿಂಗ ಲಕ್ಷಗಟ್ಟಲೆ ಮಂದಿನ್ನ ಒಂದೇ ತಿಂಗಳಾಗ ಬೀದಿಗಿಳಿಸ್ಲಾಕ ಆಗ್ತದಂದ್ರ, ಓಟಿಸಿ ಡೇಟಾ ಸಲುವಾಗಿ ತಾಂಡಾ, ಅಲೆಮಾರಿ ಗುಡಿಸಲು, ವಲಸೆ ಹೋದವ್ರ ಮನಿಗಿ ದಸರಾಕ್ಕೋ ದೀಪಾವಳಿಗೋ, ಅವ್ರು ಊರಿಗಿ ಬಂದ ಹೊತ್ತಿನ್ಯಾಗ, ಒಂದು ಅಭಿಯಾನ ಯಾಕ ಮಾಡಬಾರದು. ಅಲ್ಲೇ ಆಧಾರ್ ತಿದ್ದೋ ಯಂತ್ರ, ಅಲ್ಲೇ ಹೆಡ್‌ಮಾಸ್ಟರ್, ಅಲ್ಲೇ ವಿಎ. ಮುಂದಿನ ವರ್ಷ ಸಿಇಟಿ ಹೊತ್ತಿನ್ಯಾಗ ಅರ್ಧ ಪಾಳಿ ಕಮ್ಮಿ ಆಗ್ತದ.

ನನ್ನ ಮಾರ್ಕ್ಸ್ ಹಿಂಗ. ಓಟಿಸಿಗಿ 5ಕ್ಕ 4.5. ಡೇಟಾ ಇಲ್ಲದವ್ರ ಜಾತಿ-ಆದಾಯಕ್ಕ 2. 371ಜೆ ಗಿ ಊರಾಗೇ ಕಲ್ತವ್ರಿಗಿ 3.5, ದುಡಿಲಾಕ ಹೋದವ್ರ ಮಕ್ಕಳಿಗಿ 1. ಆಪರೇಟರ್ ಹುಡುಗರಿಗಿ 4, ಅವರ ಪಗಾರ ನೋಡಿದ್ರ 5 ಕೊಡ್ಬೇಕು. ಅಕ್ಕನ ಮಗಳದ್ದು ಎರಡೂ ಆಗ್ಯಾವ, 371ಜೆ ಮಾತ್ರ ಕೌನ್ಸೆಲಿಂಗ್ ಡೇಟ್ ಮೂಗಿಗಿ ಬಂದಾಗ ಸಿಕ್ತು.

ಮುಂದಿನ ವರ್ಷ ಮಾಡಿಸೋರಿಗಿ ಹೇಳೋದು ಏನಂದ್ರ, ಮೇ ತಿಂಗಳ ತನ ಕಾಯಬ್ಯಾಡ್ರಿ, ಡಿಸೆಂಬರ್-ಜನವರಿಯಾಗ ಅರ್ಜಿ ಹಾಕ್ರಿ, ಆವಾಗ ಕಚೇರಿಯಾಗ ಗದ್ಲ ಇರಂಗಿಲ್ಲ. ಅರ್ಜಿ ಹಾಕೋಕಿಂತ ಮೊದ್ಲ ಟಿಸಿ, ಆಧಾರ್, ರೇಷನ್ ಕಾರ್ಡ್ ಮೂರನ್ನೂ ಬಾಜೂಕ್ಕ ಬಾಜೂಕ್ಕ ಇಟ್ಟು ಹೆಸರು ಅಕ್ಷರ ಅಕ್ಷರ ಕೂಡಿಸಿ ನೋಡ್ರಿ. ಒಂದನೇತ್ತದಿಂದ ಹತ್ತನೇತ್ತ ತನ ಕಲ್ತ ಎಲ್ಲಾ ಸಾಲಿಂದ ವ್ಯಾಸಂಗ ಪತ್ರ ರಜಾ ಬಿಡೋ ಮೊದ್ಲೇ ತಗೊಳ್ರಿ, ಏಪ್ರಿಲ್ ಮುಗಿದ್ರ ಹೆಡ್‌ಮಾಸ್ಟರ್ ಸಿಗಂಗಿಲ್ಲ. ಅರ್ಜಿ ಕೊಟ್ಟ ಮ್ಯಾಲ ಸಕಾಲ ನಂಬರ್ ಇರೋ ಚೀಟಿ ಕೇಳಿ ಇಸಗೊಳ್ರಿ, 21 ದಿನ ದಾಟಿದ್ರ ಆ ನಂಬರ್ ಹಿಡ್ಕೊಂಡೇ ಮೇಲ್ಮನವಿ ಹಾಕ್ರಿ, ಅಂಜಬ್ಯಾಡ್ರಿ. ಏಜೆಂಟ್ ಕೈಯಾಗ ಒರಿಜಿನಲ್ ಕೊಡ್ಲೇಬ್ಯಾಡ್ರಿ. ಪ್ರಿಂಟ್ ಕೈಗಿ ಬಂದ ಕೂಡ್ಲೆ ಕೌಂಟರ್ ಬಿಟ್ಟು ಹೊರಗ ಬರೋ ಮೊದ್ಲೇ ಹೆಸರು, ಅಪ್ಪನ ಹೆಸರು, ಪ್ರವರ್ಗ, ಆರ್‌ಡಿ ನಂಬರ್ ನಾಲ್ಕೂ ಓದ್ರಿ, ಹೊರಗ ಬಂದ ಮ್ಯಾಲ ತಪ್ಪು ಅದ ಅಂದ್ರ ಮತ್ತ ಹೊಸ ಅರ್ಜಿ ಹಾಕ್ರಿ ಅಂತಾರ.